ಕೊನೆಯ ಪುಟದ ನಡುವೆ ನಿಂತವನು

ಮಾರ್ಚ್ ೩

ಮುಂದಿನ ಸಾಲಿನಲ್ಲಿ ಕಾಲು ಚಾಚಿ ಕೂತ ಮಹನೀಯರೇ! ಹಿಂದೆ ಗೋಡೆಗೆ ಒರಗಿ ನಿಂತ ಪುಕ್ಕಟೆ ಪ್ರಭುಗಳೇ! ಕೂಸು ಅತ್ತರೆ ಎದ್ದು ಹೋಗಲು ಅನುಕೂಲವೆಂದು ಬಾಗಿಲ ಬಳಿಯೇ ಜಾಗ ಹಿಡಿದ ತಾಯಂದಿರೇ! ಕೆಮ್ಮುವವರು ಈಗಲೇ ಕೆಮ್ಮಿ ಮುಗಿಸಿ. ಮೂರನೆಯ ಗಂಟೆ ಬಾರಿಸಿತು, ಪರದೆ ಮೇಲೇರುತ್ತಿದೆ. ತೀರಿಹೋದ ತಮ್ಮನ ಮಡದಿ ಬರೆದ ಪತ್ರಕ್ಕೆ ಅಣ್ಣನಾದವನು ಉತ್ತರ ಕೊಡುವ ಪ್ರಸಂಗವಿದು. ಕಿವಿಗೊಟ್ಟು ಕೇಳಬೇಕು!

ಅಕ್ಷರಮ್ಮಾ, ಗಾಬರಿಯಾಗಬೇಡ, ನನ್ನ ತಲೆ ನೆಟ್ಟಗೇ ಇದೆ. ನಾನು ಕಾಗದ ಬರೆಯುವುದು ಗಟ್ಟಿಯಾಗಿ ಹೇಳಿಕೊಂಡೇ ಎನ್ನುವುದು ನಿನಗೆ ಗೊತ್ತು. ಕೇಳಲು ಪಕ್ಕದ ಕೋಣೆಯ ದರ್ಜಿ ಒಬ್ಬನೇ ಇದ್ದಾನೆ. ಯಾವುದೋ ನಾಟಕದ ರಾಜನ ನಿಲುವಂಗಿಗೆ ಗುಂಡಿ ಹಾಕುತ್ತ ಕೂತಿದ್ದಾನೆ. ಒಬ್ಬನಿದ್ದರೂ ಸಭೆ ಸಭೆಯೇ.

ನನ್ನ ತಮ್ಮ ಚಿಕ್ಕ ಹೋಗಿ ನಾಲ್ಕು ತಿಂಗಳಾದ ಮೇಲೆ ನಿನ್ನ ಮೊದಲ ಕಾಗದ ಬಂತು. ನಿಮ್ಮೂರಿನ ಗ್ರಂಥಾಲಯದವರು ಅವನ ಚಿತ್ರಗಳಿಗೆಂದೇ ಒಂದು ದೊಡ್ಡ ಕೋಣೆ ಕೊಡುತ್ತಾರಂತೆ, ಸಂತೋಷ. ಅದರ ಬಾಗಿಲಲ್ಲಿ ತೂಗುಹಾಕಲು ನಾನು ಬರೆದ ನಾಟಕದ ಪರದೆಗಳಲ್ಲಿ ಒಂದು ಬೇಕಂತೆ, ಇನ್ನೂ ಸಂತೋಷ. ಬಾಗಿಲಲ್ಲಿ! ಒಳಗೆ ತಮ್ಮ, ಬಾಗಿಲಲ್ಲಿ ಅಣ್ಣ. ಕಾವಲಿಗೆ ನಿಂತವನಿಗೆ ಒಂದು ಸ್ಟೂಲನ್ನಾದರೂ ಹಾಕುತ್ತಾರೋ, ಇಲ್ಲವೋ?

ಅದಿರಲಿ. ಪತ್ರದ ತುದಿಯಲ್ಲಿ 'ಉಸಿರೂರಿನ ಕೊನೆಯ ಪುಟದ ವಿಷಯ ಇನ್ನೊಮ್ಮೆ ಬರೆಯುತ್ತೇನೆ' ಎಂದು ಬಾಲ ಬಿಟ್ಟಿದ್ದೀಯ. ಇನ್ನೊಮ್ಮೆ ಯಾಕಮ್ಮಾ? ನೀನು ಬರೆಯದಿದ್ದರೆ ಪೇಪರಿನವರು ಬರೆಯುತ್ತಾರೆ. ದರ್ಜಿ ಬೆಳಿಗ್ಗೆಯೇ ಅದನ್ನು ಹಿಡಿದುಕೊಂಡು ಬಂದ.

"ಯಜಮಾನ್ರೇ, ನೋಡಿದ್ರಾ? ನಿಮ್ಮ ತಮ್ಮ ಕೊನೇ ಪುಟ ಪೂರ್ತಿ ಮಾಡ್ದೆ ಹೋಗಿದಾರಂತೆ. ನಡುವೆ ಬಿಳೀ ಜಾಗ ಹಾಗೇ ಬಿದ್ದಿದೆಯಂತೆ. ಶಿಷ್ಯನ ಕೈಲಿ ತುಂಬಿಸ್ತಾರೋ ಏನೋ ಅಂತ ಹಾಕಿದಾರೆ."

ಶಿಷ್ಯ! ಕೇಳಿದಿರಾ ಸಭಿಕರೇ! ಮಲಗಿದ ಮಹಾಮೃಗವೊಂದರ ಬೆನ್ನ ಮೇಲೆ ಕಟ್ಟಿದ ಊರು, ಮೃಗ ಉಸಿರೆಳೆದಾಗಲೆಲ್ಲ ಮನೆಗಳ ಸೂರು ಏರಿ ಇಳಿಯುವ ಊರು, ಒಂದು ತಲೆಮಾರಿನ ಮಕ್ಕಳು ಹಾಸಿಗೆಯೊಳಗೆ ಅಡಗಿಸಿಟ್ಟುಕೊಂಡು ಓದಿದ ಚಿತ್ರಕಥೆ. ಅದನ್ನು ಮುಗಿಸಲು ನಿನ್ನೆ ಮೊನ್ನೆ ಮೀಸೆ ಚಿಗುರಿದವನು! ಚಿಕ್ಕನ ಕೈಗೆ ಮೊದಲು ಬ್ರಶ್ಶು ಕೊಟ್ಟ ಕೈ ಇನ್ನೂ ಬದುಕಿದೆ, ಅಲುಗಾಡದೆ ಇದೆ ಎನ್ನುವುದನ್ನು ನಿನ್ನ ಪ್ರಕಾಶಕನಿಗೆ ತಿಳಿಸು.

ಇಂತಿ,
ಭಾವ

*

ಮಾರ್ಚ್ ೧೧

ಭಾವನವರಿಗೆ ನಮಸ್ಕಾರ.

ಪೇಪರಿನವರು ಬರೆದದ್ದರಲ್ಲಿ ಅರ್ಧ ನಿಜ. ಪುಟದ ನಡುವೆ ಜಾಗ ಬಿಳಿಯಾಗಿಯೇ ಇದೆ. ಅದನ್ನು ತುಂಬಿ ಎಂದು ನಾನು ಯಾರಿಗೂ ಹೇಳಿಲ್ಲ. ಶಿಷ್ಯ ಕೇಳಿಯೂ ಇಲ್ಲ. ಪಾಪ, ಅವನಿಗೆ ಮೀಸೆ ಚಿಗುರಿ ನರೆಯುವುದಕ್ಕೂ ಶುರುವಾಗಿದೆ. ಬರುತ್ತಾನೆ, ಪೆಟ್ಟಿಗೆಗಳನ್ನು ಎತ್ತಿಡುತ್ತಾನೆ, ಚಹಾ ಕುಡಿಯುತ್ತಾನೆ. ಇವರ ಕುರ್ಚಿಯಲ್ಲಿ ಮಾತ್ರ ಕೂರುವುದಿಲ್ಲ. ಪ್ರಕಾಶಕರೇ "ಅಲ್ಲಿ ಏನಾದ್ರೂ ಇರ್ಬೇಕು ಮೇಡಂ, ಖಾಲಿ ಬಿಟ್ರೆ ಅಚ್ಚಿನ ತಪ್ಪು ಅನ್ಕೋತಾರೆ ಜನ" ಎಂದು ದಿನಾ ಫೋನು ಮಾಡುತ್ತಾರೆ.

ಮನೆಯ ವಿಷಯ ನೀವು ಕೇಳಲಿಲ್ಲ, ಆದರೂ ಬರೆಯುತ್ತೇನೆ. ಕಿಟಕಿಯ ಬಳಿ ಇವರ ಮೇಜು ಇದ್ದ ಹಾಗೆಯೇ ಇದೆ. ಮಸಿ ಚೆನ್ನಾಗಿ ಹಿಡಿಯಲೆಂದು ಹೊಸ ನಿಬ್ಬುಗಳನ್ನು ಚುಚ್ಚಿಟ್ಟ ಆಲೂಗಡ್ಡೆ ಒಣಗಿ ಕಲ್ಲಾಗಿದೆ. ಎದುರಿಗೆ ನನ್ನ ಮೇಜು. ಇವರು ಚಿತ್ರ ಬರೆದು ಆ ಕಡೆಯಿಂದ ತಳ್ಳುತ್ತಿದ್ದರು. ನಾನು ಮಾತಿನ ಗುಳ್ಳೆ ಎಳೆದು, ಅದರೊಳಗೆ ಅಕ್ಷರ ಕೂರಿಸಿ, ಈ ಕಡೆಯಿಂದ ತಳ್ಳುತ್ತಿದ್ದೆ. ಮದುವೆಯಾದ ವರ್ಷದಿಂದ ನಮ್ಮ ಸಂಸಾರ ನಡೆದದ್ದೇ ಹಾಗೆ. ಜಗಳವಾದ ದಿನ ಸ್ವಲ್ಪ ಜೋರಾಗಿ ತಳ್ಳುತ್ತಿದ್ದೆವು, ಅಷ್ಟೆ.

ಇವರು ಆಸ್ಪತ್ರೆಯಲ್ಲಿದ್ದಾಗ ಬಾಗಿಲಲ್ಲಿ ಚಪ್ಪಲಿಯ ಸದ್ದಾದರೆ ಅತ್ತ ತಿರುಗುತ್ತಿದ್ದರು. ನಿಮಗೆ ನಾಟಕ ಕಂಪನಿಯ ಕೆಲಸವಿತ್ತು ಎಂದು ಬರೆದಿದ್ದಿರಿ.

ಪರದೆಯ ಬಗ್ಗೆ: ನಿಮಗೆ ಒಪ್ಪಿಗೆಯಾದದ್ದು ಯಾವುದಾದರೂ ಸರಿ. ಅಳತೆ ತಿಳಿಸಿದರೆ ಕೊಂಡಿ ಹೊಡೆಸುತ್ತೇನೆ.

ನಿಮ್ಮ ತಮ್ಮನ ಹೆಂಡತಿ

*

ಮಾರ್ಚ್ ೧೮

ಅಳತೆ ಕೇಳುತ್ತಾಳೆ, ಸಭಿಕರೇ, ಅಳತೆ! ಸಮುದ್ರದ ಪರದೆಗೆ ಅಳತೆಯೇ? ಅರಮನೆಯ ಪರದೆಗೆ ಅಳತೆಯೇ? ನನ್ನ ಕಾಡಿನ ಪರದೆ ಬಿಚ್ಚಿದರೆ ಮುಂದಿನ ಸಾಲಿನವರು ಸೊಳ್ಳೆ ಹೊಡೆದುಕೊಳ್ಳುತ್ತಿದ್ದರು!

ಅಮ್ಮಾ, ನನ್ನ ಪರದೆಗಳೆಲ್ಲ ಈಗ ಸಂಚಾರದಲ್ಲಿವೆ. ಒಂದು ಕಂಪನಿ ಉತ್ತರಕ್ಕೆ ಒಯ್ದಿದೆ, ಇನ್ನೊಂದು ದಕ್ಷಿಣಕ್ಕೆ. ಯಾವುದನ್ನೂ ಬಿಡಿಸಿ ಕಳಿಸುವ ಸ್ಥಿತಿ ಇಲ್ಲ. ಆ ಮಾತು ಅಲ್ಲಿಗೆ ಬಿಡು.

ನಾನು ಕೇಳುವುದು ಪುಟದ ಮಾತು. ನ್ಯಾಯ ಹೇಳು. ಅಪ್ಪ ನಾಟಕದ ಕಂಪನಿಯಲ್ಲಿ ದೀಪ ಹಚ್ಚುವವನು. ನಾವಿಬ್ಬರೂ ಬೆಳೆದದ್ದು ಪರದೆಯ ಬೆನ್ನ ಹಿಂದೆ. ನನಗೆ ಮೀಸೆ ಬರುವ ಮೊದಲೇ ನಾನು ರಾಕ್ಷಸರಾಜನನ್ನು ಬರೆದೆ. ಹುಬ್ಬುಗಳೆಂದರೆ ಹುಬ್ಬುಗಳು! ಹಾರಲು ರೆಕ್ಕೆ ಎತ್ತಿದ ಎರಡು ಕಾಗೆಗಳ ಹಾಗೆ! ಬಣ್ಣಕ್ಕೆ ಬೆರೆಸುವ ಅಂಟಿನ ಗಡಿಗೆ ಕಲಕುತ್ತ ಕೂತಿದ್ದ ಚಿಕ್ಕ ತಲೆಯೆತ್ತಿ ನೋಡಿದವನೇ ಹೆದರಿ ಗಡಿಗೆ ಬೀಳಿಸಿದ. ಉಸಿರೂರಿನ ರಾಕ್ಷಸರೆಲ್ಲ ಹುಟ್ಟಿದ್ದು ಆ ಹುಬ್ಬಿನಿಂದ. ಲೋಕಕ್ಕೆ ಗೊತ್ತಿಲ್ಲ, ನನಗೆ ಗೊತ್ತು, ಅವನಿಗೆ ಗೊತ್ತಿತ್ತು. ಬೀಜ ಒಬ್ಬನದು, ಬೆಳೆ ಇನ್ನೊಬ್ಬನದು.

ಈಗ ಲೋಕ ನನ್ನನ್ನು ಏನೆಂದು ಕರೆಯುತ್ತದೆ? ಮೊನ್ನೆ ಹಲ್ಲು ಕೀಳಿಸಲು ಹೋದೆ. ಬಾಯಿ ತೆರೆದು ಕೂತಿದ್ದೇನೆ. ವೈದ್ಯೆ ಇಕ್ಕಳ ಒಳಗಿಟ್ಟು ಕೇಳುತ್ತಾಳೆ: "ನೀವು ಮಸಿಮಾಮನ ಅಣ್ಣ ಅಲ್ವಾ? ಬಿಕ್ಕಳಿಸೋ ಡ್ರ್ಯಾಗನ್ ಅಂದ್ರೆ ನನ್ನ ಮಗಳಿಗೆ ಪ್ರಾಣ!" ಇಕ್ಕಳ ಕಚ್ಚಿಕೊಂಡು ಏನು ಹೇಳಲಿ? ತಲೆಯಾಡಿಸಿದೆ. "ನೀವೂ ಏನಾದ್ರೂ ಬಿಡಿಸ್ತೀರಾ?" ಎಂದಳು. ಆಮೇಲೆ ಹಲ್ಲು ಕಿತ್ತದ್ದು ನೋಯಲೇ ಇಲ್ಲ, ಅಕ್ಷರಮ್ಮಾ.

ಮಸಿಮಾಮನಂತೆ! ಮೂಗಿಗೆ ಮಸಿ ಹತ್ತಿಸಿಕೊಂಡು ಅಳುತ್ತಿದ್ದವನಿಗೆ ಆ ಹೆಸರಿಟ್ಟದ್ದೂ ನಾನೇ.

ಪುಟವನ್ನು ನನಗೆ ಕಳಿಸು. ಶಿಷ್ಯನ ಕಣ್ಣಿಗೆ ಬಿದ್ದದ್ದು ಅಣ್ಣನ ಕಣ್ಣಿಗೆ ಬೀಳಬಾರದೇ?

ಇಂತಿ,
ಭಾವ

*

ಮಾರ್ಚ್ ೨೯

ಭಾವನವರಿಗೆ,

ರಟ್ಟಿನ ನಡುವೆ ಭದ್ರವಾಗಿ ಇಟ್ಟು ಪುಟವನ್ನು ಕಳಿಸಿದ್ದೇನೆ. ಇದು ನಕಲಲ್ಲ, ಇವರು ಬರೆದ ಮೂಲವೇ. ಒದ್ದೆ ಕೈಯಲ್ಲಿ ಹಿಡಿಯಬೇಡಿ.

ಇದನ್ನು ಮೊದಲು ನಿಮಗೆ ತೋರಿಸಬೇಕೆಂದು ಇವರು ಹೇಳಿದ್ದರು. ನಾನು ತಡ ಮಾಡಿದೆ. ಯಾಕೆಂದು ಕೇಳಬೇಡಿ.

ನೋಡಿ. ನೋಡಿ ಹಿಂದಕ್ಕೆ ಕಳಿಸಿ.

*

ಏಪ್ರಿಲ್ ೬

ಜಯವಾಗಲಿ! ಭೇರಿ ಬಾರಿಸಿ! ಎಲ್ಲರೂ ಎದ್ದು ನಿಲ್ಲಿ!

ನೋಡಿದೆ, ಅಕ್ಷರಮ್ಮಾ. ಕೋಣೆಯ ಬಾಗಿಲು ಹಾಕಿಕೊಂಡು ದಿನವಿಡೀ ನೋಡಿದೆ. ಬಲ ಎಡಗಳಲ್ಲಿ ಉಸಿರೂರಿನ ಸಮಸ್ತ ಪ್ರಜೆಗಳು ಸಾಲಾಗಿ ನಿಂತಿದ್ದಾರೆ. ಕಣ್ಣಗೂಡಿನಲ್ಲಿ ಹಕ್ಕಿ ಸಾಕಿದ ಗೂಡುಗಣ್ಣ, ತಲೆಕೆಳಗಾಗಿ ನಡೆಯುವ ರಾಣಿ, ಎಲುಬಿನ ಹಡಗು, ಆ ನಿನ್ನ ಬಿಕ್ಕಳಿಸುವ ಡ್ರ್ಯಾಗನ್. ಬಗ್ಗಿದವರು ಬಗ್ಗಿದ್ದಾರೆ, ಕೈ ಚಾಚಿದವರು ಚಾಚಿದ್ದಾರೆ. ಗೆರೆ ನಡುಗಿದೆ ಅಲ್ಲಲ್ಲಿ. ನಡುಗಿದ ಕಡೆಯೇ ಚೆನ್ನಾಗಿದೆ, ಹಾಳಾದವನು. ಮತ್ತು ನಡುವೆ, ಆಹಾ, ನಡುವೆ! ತಟ್ಟೆಯಷ್ಟಗಲ ಬಿಳಿ.

ಆ ಕ್ಷಣ ಎಲ್ಲ ಬಿಡಿಸಿ ಹೇಳಿದ ಹಾಗಾಯಿತು. ಸಾಯುವವನು ಅಣ್ಣನಿಗೆ ಮೊದಲು ತೋರಿಸು ಎಂದ. ನಡುವೆ ಜಾಗ ಬಿಟ್ಟ. ಇದಕ್ಕಿಂತ ಗಟ್ಟಿಯಾಗಿ ಒಬ್ಬ ತಮ್ಮ ಹೇಗೆ ಕೂಗುತ್ತಾನೆ? 'ಅಣ್ಣಾ, ಬಾ, ನಿನ್ನ ಸಾಲ ನನ್ನ ತಲೆ ಮೇಲಿದೆ, ಬಂದು ನಿಲ್ಲು' ಎಂದು!

ನಿಂತೆ! ದರ್ಜಿ ಅಡ್ಡಬಂದ. "ಅವ್ರು ನೋಡಿ ಅಂದ್ರಲ್ವಾ ಯಜಮಾನ್ರೇ, ಬರೀರಿ ಅಂದ್ರಾ?" ಎಂದ. "ನೀನು ಕಾಜ ಹೊಲಿಯೋನು, ಕಾಜದಲ್ಲೇ ಇರು" ಎಂದೆ. "ತೂತು ಕಂಡ್ರೆ ಮುಚ್ಬೇಕು ಅನ್ನೋದು ನನ್ನ ಕಸುಬಲ್ಲಪ್ಪ, ನಾನು ತೂತಿಗೆ ಅಂಚು ಕಟ್ಟೋನು" ಎಂದು ಗೊಣಗುತ್ತ ಹೋದ. ಹೋಗಲಿ.

ಬಣ್ಣ ಅರೆದು, ಅಂಟು ಕಾಯಿಸಿ, ಸಣ್ಣ ಬ್ರಶ್ಶು ಹುಡುಕಿ ತೆಗೆದು, ರಾಕ್ಷಸರಾಜನನ್ನು ನಿಲ್ಲಿಸಿದೆ. ಕೆಂಪು ಉಡುಗೆ, ಹಳದಿ ಕಿರೀಟ, ಎರಡು ಕಾಗೆ ಹುಬ್ಬು. ಇಡೀ ಆಯುಷ್ಯ ಪರದೆ ಬರೆದವನು ನಾನು. ಪರದೆ ಬರೆಯುವವನು ನಡುವನ್ನು ಯಾವತ್ತೂ ಮುಟ್ಟುವುದಿಲ್ಲ. ಅಲ್ಲಿ ನಟ ನಿಲ್ಲುತ್ತಾನೆ, ಕಣ್ಣು ಅವನ ಮೇಲೆ ಬೀಳಬೇಕು. ಬೆಟ್ಟವನ್ನು ಪಕ್ಕಕ್ಕೆ ಸರಿಸು, ಕಂಬವನ್ನು ಪಕ್ಕಕ್ಕೆ ಸರಿಸು, ನಿನ್ನನ್ನು ಪಕ್ಕಕ್ಕೆ ಸರಿಸಿಕೋ. ಯಾರ್‍ಯಾರಿಗೋ ನಡು ಬಿಟ್ಟುಕೊಟ್ಟೆ. ನಾಲ್ಕು ಮಾತು ನೆನಪಿಡಲಾರದ ನಟರಿಗೂ ಬಿಟ್ಟುಕೊಟ್ಟೆ. ಒಂದು ಸಲ, ಒಂದೇ ಒಂದು ಸಲ ನಾನು ನಡುವೆ ನಿಂತೆ. ಚಿಕ್ಕನ ಎಲ್ಲ ಪ್ರಜೆಗಳೂ ನನ್ನ ಕಡೆ ಬಗ್ಗಿದ್ದಾರೆ!

ಪುಟ ಇದರೊಂದಿಗೇ ಇದೆ. ಶಿಷ್ಯನಿಗೂ ತೋರಿಸು. ಅವನ ಮುಖ ಹೇಗಾಯಿತೆಂದು ಬರೆಯಲು ಮರೆಯಬೇಡ.

ಇಂತಿ,
ನಿನ್ನ ಭಾವ, ರಾಕ್ಷಸರಾಜ

*

ಏಪ್ರಿಲ್ ೧೫

ಭಾವನವರೇ,

ಉಸಿರೂರಿನಲ್ಲಿ ಯಾರಿಗೂ ಹುಬ್ಬಿಲ್ಲ.

ಮೊದಲ ಪುಸ್ತಕದಿಂದ ಕೊನೆಯ ಪುಸ್ತಕದವರೆಗೆ ಒಂದೇ ಒಂದು ಮುಖಕ್ಕೂ ಇಲ್ಲ. ಬಿಕ್ಕಳಿಸುವ ಡ್ರ್ಯಾಗನ್ ಎಂದು ಬರೆಯುತ್ತೀರಿ. ಅದರ ಬಗ್ಗೆ ಹಲ್ಲಿನ ವೈದ್ಯೆ ಹೇಳಿದ್ದಷ್ಟೇ ನಿಮಗೆ ಗೊತ್ತು. ನೀವು ನಿಮ್ಮ ತಮ್ಮನ ಒಂದು ಪುಸ್ತಕವನ್ನೂ ಪೂರ್ತಿ ಓದಿಲ್ಲ. ಇವರು ಪ್ರತಿ ಸಲ ಮೊದಲ ಪ್ರತಿಯನ್ನು ನಿಮಗೇ ಕಳಿಸುತ್ತಿದ್ದರು. ಬೇರೆ ಯಾರೂ ಬೇಡ, ನಾನೂ ಬೇಡ. ನನಗೆ ಎರಡನೆಯ ಪ್ರತಿ.

ಒಂದು ಸಲ ನಾನೇ ಕೇಳಿದೆ: "ಎಲ್ಲರೂ ಬೋಳು ಹಣೆ ಹೊತ್ತು ತಿರುಗ್ತಾರಲ್ಲ, ಒಬ್ಬರಿಗಾದ್ರೂ ಹುಬ್ಬು ಹಾಕ್ಬಾರ್ದೇನ್ರೀ?" ಅದಕ್ಕೆ ಇವರು, "ಹುಬ್ಬು ಬರೆದ್ರೆ ಅಣ್ಣನ ಕೈ ಬರತ್ತೆ ಕಣೇ. ಅದು ಅವನದು. ನಾನು ಮುಟ್ಟಲ್ಲ" ಎಂದರು. ಆ ಹುಬ್ಬಿಲ್ಲದ ಮುಖಗಳನ್ನು ಜನ ಹೊಗಳಿದರು, ಏನೇನೋ ಅರ್ಥ ಹಚ್ಚಿ ಬರೆದರು. ಇವರು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ.

ಈಗ ನಡುವಿನ ಮಾತು. ನನ್ನ ಮಾತಿನ ಗುಳ್ಳೆಗಳು ಯಾವಾಗಲೂ ಮೂಲೆಯಲ್ಲೇ ಯಾಕೆ ಇರುತ್ತಿದ್ದವು ಗೊತ್ತೇ? ಚೌಕದ ನಡುವೆ ಬೇಕಾದಷ್ಟು ಜಾಗವಿರುತ್ತಿತ್ತು. "ಇಲ್ಲಿ ಹಾಕ್ಲಾ?" ಎಂದರೆ, "ಬೇಡ್ವೇ, ನಡು ಬಿಡು, ಅಣ್ಣ ಬೈತಾನೆ" ಎನ್ನುತ್ತಿದ್ದರು. ಮದುವೆಯಾದ ಹೊಸತರಲ್ಲಿ ಅದು ತಮಾಷೆ ಎಂದುಕೊಂಡಿದ್ದೆ. ವರ್ಷಗಟ್ಟಲೆ ಕೇಳಿದೆ ಆ ಮಾತನ್ನು. ಅಣ್ಣ ಬೈತಾನೆ. ಅಣ್ಣ ಏನಂತಾನೋ. ಅಣ್ಣ ಇದನ್ನ ನೋಡಿದ್ರೆ ಹೇಗಿರತ್ತೆ. ಎದುರಿಗೆ ಕೂತವಳು ನಾನು, ಭಾವನವರೇ. ಕಣ್ಣಿಗೆ ಔಷಧಿ ಬಿಟ್ಟವಳು ನಾನು, ಬೆರಳು ಸೆಟೆದುಕೊಂಡಾಗ ಬಿಸಿನೀರಿನಲ್ಲಿ ಅದ್ದಿ ತಿಕ್ಕಿದವಳು ನಾನು. ನನ್ನ ಅಕ್ಷರವನ್ನೆಲ್ಲ ಮೂಲೆಗೆ ತಳ್ಳಿದ್ದು ಊರಾಚೆ ಕೂತ ನೀವು. ಹೊಟ್ಟೆ ಉರಿಯದೇ ಇರುತ್ತದೆಯೇ? ಪುಟವನ್ನು ನಾಲ್ಕೈದು ತಿಂಗಳು ನಿಮಗೆ ತೋರಿಸದೆ ಇಟ್ಟುಕೊಂಡದ್ದು ಅದಕ್ಕೇ. ಕೊನೆಯದಾದರೂ ನನ್ನದಾಗಿ ಇರಲಿ ಎಂದು.

ಅದು ಅರ್ಧಕ್ಕೆ ನಿಂತ ಪುಟವಲ್ಲ. ಪೆನ್ನು ಒರೆಸಿ, ಮಸಿಯ ಬಾಟಲಿಗೆ ಮುಚ್ಚಳ ಹಾಕಿ, "ಮುಗೀತು" ಎಂದರು. "ನಡುವೆ ಯಾರು?" ಎಂದು ಕೇಳಿದೆ. "ಅಣ್ಣನ್ನ ಕೇಳು, ಅವನಿಗೆ ತಕ್ಷಣ ಗೊತ್ತಾಗತ್ತೆ" ಎಂದರು. ನನಗೆ ಹೇಳಲಿಲ್ಲ. ನಿಮಗೆ ತಕ್ಷಣ ಗೊತ್ತಾಯಿತು. ಅಲ್ಲಿ ನೀವು ನಿಂತಿರಿ.

ಇನ್ನೂ ಕೇಳಿ. ಇಲ್ಲಿಗೆ ಬಂದಿದ್ದ ಪ್ರಕಾಶಕರು ಪುಟ ನೋಡಿ ಕುಣಿದಾಡಿಬಿಟ್ಟರು. "ಅಣ್ಣ ತಮ್ಮ ಒಂದೇ ಪುಟದಲ್ಲಿ! ಮೇಡಂ, ಇದನ್ನ ರಟ್ಟಿನ ಮೇಲೂ ಹಾಕೋಣ, ಹೆಸರೂ ಹಾಕೋಣ, ಜೋಡಿಯಾಗಿ!" ಎನ್ನುತ್ತಿದ್ದಾರೆ. ಶಿಷ್ಯ ಚಹಾ ಅರ್ಧಕ್ಕೆ ಬಿಟ್ಟು ಮನೆಗೆ ಹೋದ. ಮುಖ ಹೇಗಾಯಿತೆಂದು ಕೇಳಿದ್ದಿರಲ್ಲ, ಹಾಗಾಯಿತು.

ಬೇಡ ಎಂದು ನಾನು ಹೇಳಬಹುದು. ಹೇಳುವುದಿಲ್ಲ. ಇವರು ನಿಮ್ಮನ್ನು ಕೇಳು ಎಂದರು; ನಿಮ್ಮನ್ನೇ ಕೇಳುತ್ತಿದ್ದೇನೆ. ಮೇ ತಿಂಗಳ ಮೊದಲ ವಾರ ಅಚ್ಚಿಗೆ ಹೋಗುತ್ತದೆ. ಇರಲಿ ಎಂದರೆ ಇರುತ್ತದೆ. ಆಮೇಲೆ ಅದೇ ಉಸಿರೂರಿನ ಕೊನೆ. ಯಾರಿಂದಲೂ ಬದಲಿಸಲು ಆಗುವುದಿಲ್ಲ.

ಪುಸ್ತಕಗಳೆಲ್ಲವನ್ನೂ ಒಂದು ಪೆಟ್ಟಿಗೆಯಲ್ಲಿ ಕಳಿಸಿದ್ದೇನೆ. ನಿಮ್ಮ ಪ್ರತಿಗಳು ಎಲ್ಲಿವೆಯೋ ನನಗೆ ಗೊತ್ತಿಲ್ಲ, ಇವು ನನ್ನವು. ನೀವು ಬಣ್ಣ ಹಚ್ಚುವ ಮೊದಲು ತೆಗೆಸಿದ್ದ ಪುಟದ ಫೋಟೋವನ್ನೂ ಮೇಲೆಯೇ ಇಟ್ಟಿದ್ದೇನೆ.

*

ಏಪ್ರಿಲ್ ೨೬

ಭಾವನವರಿಗೆ,

ನಿಮ್ಮಿಂದ ಉತ್ತರವಿಲ್ಲ. ನಿಮ್ಮ ಕಡೆಯಿಂದ ಸದ್ದಿಲ್ಲ ಎಂದರೆ ಹುಷಾರಿಲ್ಲವೇನೋ ಎಂದು ಯೋಚನೆಯಾಗುತ್ತದೆ. ನಿಮ್ಮ ಪಕ್ಕದ ದರ್ಜಿಯವರಿಗೆ ಫೋನು ಮಾಡಿಸಿದೆ. "ಇದಾರೆ, ಊಟ ಮಾಡ್ತಾರೆ, ಆದ್ರೆ ಬಾಯಿ ಬಿಡ್ತಿಲ್ಲ. ನನಗೇ ಭಯ ಆಗ್ತಿದೆ ತಾಯಿ. ಅವ್ರ ಗಲಾಟೆ ಇಲ್ದೆ ನನ್ನ ಸೂಜಿ ಸಹ ಓಡ್ತಿಲ್ಲ" ಎಂದರಂತೆ.

ಪುಟವನ್ನು ಗೋಡೆಗೆ ಮುಖ ಮಾಡಿ ಇಟ್ಟಿದ್ದೇನೆ. ನಿನ್ನೆ ಒಮ್ಮೆ ತಿರುಗಿಸಿ ನೋಡಿದೆ. ನಿಮ್ಮ ರಾಕ್ಷಸ ಚೆನ್ನಾಗಿದ್ದಾನೆ. ಕೆಟ್ಟದಾಗಿದ್ದರೆ ಹರಿದು ಹಾಕುವಷ್ಟು ಸಿಟ್ಟು ಬಂದು ಎಲ್ಲ ಸಲೀಸಾಗುತ್ತಿತ್ತು. ಚೆನ್ನಾಗಿದ್ದಾನೆ. ಇವರಿದ್ದಿದ್ದರೆ ನನ್ನನ್ನು ಕರೆದು ತೋರಿಸುತ್ತಿದ್ದರು, ನೋಡೇ ಹುಬ್ಬು ಎಂದು.

ಪ್ರಕಾಶಕರಿಗೆ ಏನು ಹೇಳಲಿ?

*

ಏಪ್ರಿಲ್ ೩೦

ಅಕ್ಷರಮ್ಮಾ,

ಇವತ್ತು ಸಭೆಯಿಲ್ಲ. ದರ್ಜಿಯನ್ನು ಹೊರಗೆ ಕಳಿಸಿದ್ದೇನೆ. ಬಾಗಿಲಿಗೆ ಕಿವಿ ಹಚ್ಚಿ ನಿಂತಿದ್ದಾನೆ, ಅದು ಬೇರೆ ಮಾತು. ಹಾಗಾಗಿ ಮೆಲ್ಲಗೆ ಹೇಳಿಕೊಂಡು ಬರೆಯುತ್ತಿದ್ದೇನೆ.

ಓದಿದೆ. ಮೊದಲ ಪುಸ್ತಕದಿಂದ ಹಿಡಿದು ಎಲ್ಲವನ್ನೂ. ಕಳ್ಳನ ಮನೆಗೆ ನುಗ್ಗಿದ ಪೊಲೀಸಿನವನ ಹಾಗೆ ಓದಿದೆ. ನನ್ನ ಸಾಮಾನು ಎಲ್ಲಿದೆ, ನನ್ನ ಅರಮನೆ ಎಲ್ಲಿ, ನನ್ನ ಕಾಡು ಎಲ್ಲಿ, ನನ್ನ ಹುಬ್ಬು ಎಲ್ಲಿ ಎಂದು ಚೌಕ ಚೌಕ ಜಾಲಾಡಿದೆ. ಒಂದು ಎಲೆಯೂ ಸಿಗಲಿಲ್ಲ. ಎಲುಬಿನ ಹಡಗು ನನ್ನ ತಲೆಗೆ ನೂರು ಜನ್ಮಕ್ಕೂ ಹೊಳೆಯುತ್ತಿರಲಿಲ್ಲ. ಗೂಡುಗಣ್ಣ ತನ್ನ ಕಣ್ಣಿನ ಮರಿಗಳು ಹಾರಿಹೋದ ದಿನ ಕುರುಡನಾಗುವ ಪುಟಕ್ಕೆ ಬಂದಾಗ ಪುಸ್ತಕ ಮುಚ್ಚಿ ಹೊರಗೆ ಹೋಗಿ ನಿಂತೆ. ದರ್ಜಿ "ಏನಾಯ್ತು ಯಜಮಾನ್ರೇ, ಕಣ್ಣು ಕೆಂಪಗಿದೆ?" ಎಂದ. "ಬಣ್ಣ ಬಿತ್ತು" ಎಂದೆ. ಅವತ್ತು ನಾನು ಬಣ್ಣದ ಡಬ್ಬಿಯನ್ನೇ ತೆರೆದಿರಲಿಲ್ಲ.

ಹೊಟ್ಟೆಕಿಚ್ಚು ಹೋಯಿತು ಎಂದುಕೊಂಡೆಯಾ? ಹೆಚ್ಚಾಯಿತು! ಇಷ್ಟು ದಿನ ಅವನು ನನ್ನದನ್ನು ಕದ್ದು ದೊಡ್ಡವನಾದ ಎನ್ನುವ ಸಮಾಧಾನವಾದರೂ ಇತ್ತು. ಕದ್ದೇ ಇಲ್ಲ, ಪಾಪಿ! ಎಲ್ಲ ಅವನದೇ! ಈಗ ಯಾವ ಗೋಡೆಗೆ ತಲೆ ಚಚ್ಚಿಕೊಳ್ಳಲಿ?

ಆದರೆ ಒಂದು ಸಿಕ್ಕಿತು. ಪ್ರತಿ ಚೌಕದಲ್ಲೂ ನಡು ಬಿಟ್ಟಿದ್ದಾನೆ. ಯುದ್ಧವಾಗುತ್ತಿದ್ದರೂ ಬಿಟ್ಟಿದ್ದಾನೆ, ಊರು ಮುಳುಗುತ್ತಿದ್ದರೂ ಬಿಟ್ಟಿದ್ದಾನೆ. ಅಂಟು ಕಲಕುತ್ತಿದ್ದ ಪೋರನಿಗೆ ನಾನು ಬೆಳಗಾದರೆ ತಲೆಗೆ ಮೊಟಕಿ ಹೇಳುತ್ತಿದ್ದ ಪಾಠ. ನನ್ನಲ್ಲಿದ್ದುದರಲ್ಲಿ ಅವನು ತೆಗೆದುಕೊಂಡದ್ದು ಅದೊಂದೇ, ನಾನು ಏನೂ ಬರೆಯದೆ ಬಿಟ್ಟ ಜಾಗ.

ಮೂಲೆಗೆ ಬಿದ್ದ ನಿನ್ನ ಗುಳ್ಳೆಗಳನ್ನೂ ನೋಡಿದೆ. ಅಂತಹ ಇಕ್ಕಟ್ಟಿನಲ್ಲಿ ಒಂದು ಅಕ್ಷರವೂ ಇನ್ನೊಂದರ ಕಾಲು ತುಳಿದಿಲ್ಲ. ನಾನು ಬೈಯುತ್ತಿರಲಿಲ್ಲಮ್ಮಾ. ಒಂದೆರಡು ನಡುವೆ ಹಾಕಿದ್ದರೂ ಬೈಯುತ್ತಿರಲಿಲ್ಲ.

ಇನ್ನು ಫೋಟೋ. ಕೊನೆಯ ಪುಟದಲ್ಲಿ ಎಲ್ಲರೂ ನಡುವಿನ ಕಡೆ ಬಗ್ಗಿದ್ದಾರೆ ಎಂದು ಬರೆದಿದ್ದೆನಲ್ಲ, ತಪ್ಪು. ಪರದೆ ಬರೆಯುವವರು ಗೆರೆಗಳನ್ನು ಒಂದು ಕುರ್ಚಿಗೆ ಹೊಂದಿಸಿ ಎಳೆಯುತ್ತೇವೆ. ಸಭೆಯಲ್ಲಿ ಆ ಒಂದು ಕುರ್ಚಿಯಲ್ಲಿ ಕೂತವನಿಗೆ ಎಲ್ಲವೂ ತನ್ನ ಕಡೆಗೇ ತೆರೆದುಕೊಂಡ ಹಾಗೆ ಕಾಣಬೇಕು. ದಾರ ಹಿಡಿದು ಚಿಕ್ಕನ ಪುಟದ ಕಣ್ಣು ಕಣ್ಣಿನಿಂದಲೂ ಅಳೆದೆ. ರಾಣಿಯ ಕಣ್ಣು, ಡ್ರ್ಯಾಗನ್ನಿನ ಕಣ್ಣು, ಗೂಡುಗಣ್ಣನ ಹಕ್ಕಿಗಳ ಕಣ್ಣು. ಯಾವ ದಾರವೂ ಕಾಗದದ ಮೇಲೆ ನಿಲ್ಲಲಿಲ್ಲ. ಎಲ್ಲವೂ ಕಾಗದ ಬಿಟ್ಟು ಈಚೆ ಬಂದವು. ಬಂದು, ಪುಟದ ಮೇಲೆ ಬಗ್ಗಿ ನೋಡುತ್ತಿದ್ದ ನನ್ನ ಮೂಗಿನ ಬಳಿ ಸೇರಿದವು.

ನಡುವೆ ಯಾರು ಎಂದು ಕೇಳಿದ್ದೆಯಲ್ಲ. ಓದುತ್ತಿರುವವರು. ಹಾಸಿಗೆಯೊಳಗೆ ಅಡಗಿಸಿಟ್ಟು ಓದಿದ ಮಗು ಕೊನೆಯ ಪುಟ ತಿರುವುತ್ತದೆ. ಇಷ್ಟು ವರ್ಷ ತಾನು ನೋಡಿದವರೆಲ್ಲ ಸಾಲಾಗಿ ನಿಂತು ತನ್ನನ್ನೇ ನೋಡುತ್ತಿದ್ದಾರೆ. ಬಾ ಎನ್ನುತ್ತಿದ್ದಾರೆ. ನಟ ನಿಲ್ಲುವ ಜಾಗ ಖಾಲಿ ಇದೆ. ಹಲ್ಲಿನ ವೈದ್ಯೆಯ ಮಗಳು ಅಲ್ಲಿ ನಿಲ್ಲಬೇಕು. ಆ ಜಾಗದಲ್ಲಿ ಕೆಂಪು ಉಡುಗೆ ಹಾಕಿಕೊಂಡು ನಿಂತಿದ್ದಾನೆ ಒಬ್ಬ ಮುದಿ ರಾಕ್ಷಸ, ಹುಬ್ಬು ಹಾರಿಸಿಕೊಂಡು.

ಇಷ್ಟಾದರೂ ನಾಲ್ಕು ದಿನ ಸುಮ್ಮನೆ ಕೂತೆ. ಯಾಕೆಂದರೆ, ಅಕ್ಷರಮ್ಮಾ, ನಿನಗೆ ಕಳಿಸಲು ನನ್ನ ಬಳಿ ಪರದೆಯೇ ಇಲ್ಲ. ಉತ್ತರಕ್ಕೂ ಹೋಗಿಲ್ಲ, ದಕ್ಷಿಣಕ್ಕೂ ಹೋಗಿಲ್ಲ. ನಮ್ಮ ಕಸುಬಿನಲ್ಲಿ ನಾಟಕ ಮುಗಿದರೆ ಪರದೆಯನ್ನು ತೊಳೆಯುತ್ತಾರೆ. ಬಟ್ಟೆಗೆ ಬೆಲೆ, ಚಿತ್ರಕ್ಕಲ್ಲ. ಅಂಟಿಗೆ ಕಲಸಿದ ಬಣ್ಣ ನೀರು ಕಂಡರೆ ಬಿಡುತ್ತದೆ. ಅರಮನೆಯನ್ನು ತೊಳೆದು ಅದೇ ಬಟ್ಟೆಯ ಮೇಲೆ ಕಾಡು, ಕಾಡನ್ನು ತೊಳೆದು ಸಮುದ್ರ. ತೊಳೆಯುವವನೂ ಬರೆದವನೇ. ನಾನು ಬರೆದದ್ದೆಲ್ಲವನ್ನೂ ನಾನೇ ಅಂಗಳದಲ್ಲಿ ಹಾಸಿ ತಿಕ್ಕಿ ಚರಂಡಿಗೆ ಬಿಟ್ಟಿದ್ದೇನೆ. ಲೋಕದಲ್ಲಿ ಈಗ ನನ್ನದೆನ್ನುವ ಚಿತ್ರ ಇರುವುದು ಒಂದೇ, ನಿನ್ನ ಮನೆಯಲ್ಲಿ, ಗೋಡೆಗೆ ಮುಖ ಮಾಡಿಕೊಂಡು. ಅದು ಅಚ್ಚಾಗುತ್ತದೆ, ಹೆಸರು ಸಹಿತ ಅಚ್ಚಾಗುತ್ತದೆ ಎಂದರೆ ಬೇಡ ಎನ್ನಲು ನಾಲಿಗೆ ಏಳಲಿಲ್ಲ. ಪ್ರಕಾಶಕನಿಗೆ 'ಒಪ್ಪಿದೆ' ಎಂದು ಬರೆದ ಕಾಗದಕ್ಕೆ ಅಂಟು ಕೂಡ ಹಚ್ಚಿದ್ದೆ.

ಅದನ್ನು ಅಂಚೆಗೆ ಹ್ಯಾಗೆ ಹಾಕಲಿ ಹೇಳು? ಪುಸ್ತಕಗಳನ್ನು ಓದದೆ ಇದ್ದಿದ್ದರೆ ಹಾಕಿಬಿಡುತ್ತಿದ್ದೆ. ನೀನು ಪೆಟ್ಟಿಗೆ ಕಳಿಸಿ ನನ್ನನ್ನು ಹಾಳು ಮಾಡಿದೆ. ಈಗ ನಾನೂ ಆ ಊರು ನೋಡಿದವನಾಗಿಬಿಟ್ಟೆ. ಕೊನೆಯಲ್ಲಿ ಅವರು ನನ್ನನ್ನೂ ಕರೆಯಬೇಕು ಎಂದು ನನಗೂ ಆಸೆಯಾಗಿಬಿಟ್ಟಿದೆ, ಮಕ್ಕಳ ಹಾಗೆ. ಆ ರಾಕ್ಷಸ ಅಲ್ಲಿ ನಿಂತಿರುವ ತನಕ ನನಗೇ ಒಳಗೆ ಜಾಗವಿಲ್ಲ.

ಪ್ರಕಾಶಕನಿಗೆ ಹೇಳು, ಜೋಡಿ ಹೆಸರು ಬೇಡ. ಪುಸ್ತಕದ ರಟ್ಟಿನ ಮೇಲೆ ಮಸಿಮಾಮ ಒಬ್ಬನೇ ಇರಲಿ. ಶಿಷ್ಯನಿಗೆ ಹೇಳು, ಪುಟ ಮುಟ್ಟಿದರೆ ಕೈ ಮುರಿಯುತ್ತೇನೆ; ಕಸುಬು ಕಲಿಯಬೇಕೆಂದರೆ ದೂರ ನಿಂತು ನೋಡಲಿ. ಚಿಕ್ಕನ ಕಪ್ಪು ಮಸಿ ನೀರಿಗೆ ಜಗ್ಗುವುದಲ್ಲ, ಅದು ನನಗೆ ಗೊತ್ತು. ನನ್ನ ಬಣ್ಣ ಜಗ್ಗುತ್ತದೆ, ತೊಳೆದರೆ ಹೋಗುತ್ತದೆ. ಸ್ವಲ್ಪ ಹಳದಿ ಕಲೆ ಕಾಗದಕ್ಕೆ ಹಿಡಿದು ನಿಂತೀತು. ಅಚ್ಚಿನಲ್ಲಿ ಕಾಣುವುದಿಲ್ಲ. ಕಂಡರೆ ಕಿರೀಟದ್ದು ಎಂದು ನೀನೊಬ್ಬಳು ತಿಳಿದುಕೋ.

(ಬಾಗಿಲ ಹಿಂದಿನಿಂದ ದರ್ಜಿ ಮೂಗು ಸೀಟಿದ. ಸಭೆ ಇತ್ತು ಎಂದಾಯಿತು.)

ಹಾಗಾದರೆ ಕೇಳಿ, ಮಹಾಜನರೇ! ಈ ಕಾಗದವನ್ನು ಇವತ್ತಿನ ರಾತ್ರಿ ಬಸ್ಸಿನವನ ಕೈಯಲ್ಲಿ ಕೊಟ್ಟು, ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಡುತ್ತೇನೆ. ಅಕ್ಷರಮ್ಮಾ, ನೀನು ಪುಟವನ್ನು ಚಿಕ್ಕನ ಮೇಜಿನ ಮೇಲೆ ಬೆಳಕಿಗೆ ಮಲಗಿಸು, ಒಂದು ಬೋಗುಣಿ ತಣ್ಣೀರು ಇಡು; ನನ್ನ ಸ್ಪಂಜು ನಾನೇ ತರುತ್ತೇನೆ. ಬಂದವನೇ ತೋಳು ಮಡಚಿ, ಮೊದಲು ಹುಬ್ಬಿನಿಂದ ಶುರು ಮಾಡುತ್ತೇನೆ.